ಪಾಪಯ್ಯನ ಹೊಲಕ್ಕಿಳಿದ ನೌಕೆ

ಅರಕಲಗೂಡಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಯಶೋಧರಾ ಹನ್ನೊಂದು ವರ್ಷ ವೈಜ್ಞಾನಿಕ ಕತೆಗಳನ್ನು ಬರೆದು ಪತ್ರಿಕೆಗಳಿಗೆ ಕಳಿಸಿದಳು. ಹೆಚ್ಚಿನವು ವಾಪಸು ಬಂದವು. ಚಂದ್ರನ ಮೇಲೆ ಶುಂಠಿ ಬೆಳೆಯುವ ಒಂದು ಕತೆಯನ್ನು ಮಾತ್ರ ಯಾರೋ ಸಂಪಾದಕರು ಕೃಷಿ ಪುಟದಲ್ಲಿ ಅಚ್ಚು ಹಾಕಿದರು. ಬಿತ್ತನೆ ಶುಂಠಿ ಎಲ್ಲಿ ಸಿಗುತ್ತದೆಂದು ಕೇಳಿ ಒಂಬತ್ತು ಜನ ಫೋನ್ ಮಾಡಿದ್ದರು.

ಕೊನೆಗೆ ಹಾಸನದ ಸಣ್ಣ ಪ್ರಕಾಶಕರೊಬ್ಬರು ಅವಳ ಕಾದಂಬರಿ ತಂದರು. ಅದರಲ್ಲಿ ಬೇರೊಂದು ನಕ್ಷತ್ರದವರ ನೌಕೆ ಅವಳೂರು ಮಲ್ಲಿಪಟ್ಟಣಕ್ಕೆ ಬಂದು, ಅವಳ ತಾತ ಪಾಪಯ್ಯನ ಒಂದೆಕರೆ ಹೊಲದಲ್ಲಿ ಇಳಿಯುತ್ತದೆ.

ಮುಂದಿನ ಭಾನುವಾರವೇ ಆ ಹೊಲದ ಪಕ್ಕದ ಜಮೀನಿನ ಕೃಷ್ಣಪ್ಪ ಅವಳ ಮನೆ ಮುಂದೆ ಬಂದು ನಿಂತರು. ಯಶೋಧರಾಳ ಅವ್ವ ಮಾದಮ್ಮ ಕೃಷ್ಣಪ್ಪನವರ ಹೊಲದಲ್ಲಿ ಕೂಲಿ ಮಾಡಿದವಳು. ಅವರು ಈ ಕೇರಿಗೆ ಕಾಲಿಟ್ಟಿದ್ದನ್ನು ಅವಳು ಕಂಡಿರಲಿಲ್ಲ.

"ಏನವ್ವಾ ಮೇಡಮ್ಮು, ನಮ್ ಮೊಮ್ಮಗಳು ಪುಸ್ತಕ ಪೂರಾ ಓದಿ ಏಳಿದ್ಲು. ನಂದು ಇಪ್ಪತ್ತೆಕ್ರೆ ಮಟ್ಟಸವಾಗಿ ಬಿದ್ದದೆ. ಆ ಇಮಾನ ನಿಮ್ ತಾತನ ಕಲ್ಲು ವಲಕ್ಕೇ ಯಾಕೆ ಇಳೀಬೇಕಿತ್ತು?"

"ಕತೆ ಅಲ್ವಾ ಯಜಮಾನ್ರೇ."

"ಕತೆ ಆದ್ರೇನು, ನ್ಯಾಯ ಬ್ಯಾಡ್ವಾ? ಅಷ್ಟು ಮ್ಯಾಲಿಂದ ಬಂದೋರ್ಗೆ ನನ್ ಜಮೀನು ಕಾಣ್ನಿಲ್ವಾ?"

"ಕಾಣ್ತು. ಸುತ್ತ ಬೇಲಿ ಇತ್ತಲ್ಲ, ಕೇಳ್ದೆ ಎಂಗೆ ಇಳಿಯೋದು ಅಂತ ಸುಮ್ಮನಾದ್ರು."

ಕೃಷ್ಣಪ್ಪ ಒಂದು ಗಂಟೆ ವಾದ ಮಾಡಿದರು. ಗಂಟಲು ಒಣಗಿತು.

"ಮಾದಮ್ಮ, ಒಂದ್ಲೋಟ ನೀರು ಕೊಡು."

ಮಾದಮ್ಮ ಒಳಗೆ ಹೋಗಿ ಲೋಟವನ್ನು ಎರಡು ಸಲ ತೊಳೆದಳು. ಆಮೇಲೆ ನೀರು ಕೊಟ್ಟಳು, ಕಾಫಿಯನ್ನೂ ಕೊಟ್ಟಳು. ಕೃಷ್ಣಪ್ಪ ಜಗಲಿಯ ಮೇಲೆ ಕೂತು ಎರಡನ್ನೂ ಕುಡಿದು, ವಾದ ಮುಗಿಸದೆ ಎದ್ದುಹೋದರು.

"ನಲವತ್ತು ವರ್ಸ ಅವ್ರ ವಲ್ದಲ್ಲಿ ದುಡುದ್ರೂ ಈ ಕಡೆ ತಿರುಗಿ ನೋಡ್ನಿಲ್ಲ," ಎಂದಳು ಮಾದಮ್ಮ ನಗುತ್ತ. "ನಿನ್ ಇಮಾನ ಕರ್ಕಬಂತು ಕಣವ್ವ."

ಕಾದಂಬರಿಯ ಎರಡನೇ ಭಾಗದಲ್ಲಿ ಯಶೋಧರಾ ನೌಕೆಯನ್ನು ಕದಲಿಸಲಿಲ್ಲ. ಬಂದವರಿಗೆ ಹಸಿವಾಯಿತೆಂದು ಬರೆದು ಅವರನ್ನು ಕೃಷ್ಣಪ್ಪನವರ ಮನೆಗೆ ಊಟಕ್ಕೆ ಕಳಿಸಿದಳು.

ಹೊಳೆನರಸೀಪುರದಲ್ಲಿ ಅದರ ಬಿಡುಗಡೆಗೆ ಕೃಷ್ಣಪ್ಪ ಎರಡು ಟೆಂಪೊ ತುಂಬ ಜನರನ್ನು ಕರೆತಂದು ಮುಂದಿನ ಸಾಲಿನಲ್ಲೇ ಕೂತರು. ಪುಸ್ತಕದ ಬಗ್ಗೆ ಮಾತನಾಡಲು ಚನ್ನರಾಯಪಟ್ಟಣದಿಂದ ಬಂದಿದ್ದ ಉಪನ್ಯಾಸಕ ಶಿವಕುಮಾರ್, "ಅನ್ಯಗ್ರಹದವರು ರಾಗಿಮುದ್ದೆ ಉಂಡರು ಎನ್ನುವುದನ್ನು ನಂಬುವುದು ಸ್ವಲ್ಪ ಕಷ್ಟ," ಎಂದರು.

ಕೃಷ್ಣಪ್ಪ ದಡಕ್ಕನೆ ಎದ್ದರು. "ನಲವತ್ತೇಳನೇ ಪುಟ ತೆಗೀರಿ ಸಾ! ಎಲ್ಡೆಲ್ಡು ಮುದ್ದೆ ಉಂಡವ್ರೆ, ನಮ್ಮನೇಲೆ!"

ಶಿವಕುಮಾರ್ ನಿಜಕ್ಕೂ ಪುಟ ತಿರುವಿದರು. ವೇದಿಕೆಯ ಮೇಲಿದ್ದ ಯಶೋಧರಾ ಸೆರಗನ್ನು ಬಾಯಿಗೊತ್ತಿಕೊಂಡಳು. ಆದರೂ ನಗು ತಡೆಯಲಾಗದೆ, ಅಂದು ಅವಳ ಭಾಷಣ ನಡೆಯಲೇ ಇಲ್ಲ.