ಮಿಸ್ ಐಸಿಲ್ಡಾ ಬಾಯಿಗೆ ಬೀಗ ಹಾಕಿದ್ದು

ಜಿಂಜರ್ ಗಲಿ ಎಂಬ ಗುಡ್ಡದ ಊರಿನಲ್ಲಿ ಮಿಸ್ ಐಸಿಲ್ಡಾಳ ಬಾಯಿಗೆ ಹೆದರದವರು ಪಾಸ್ಟರೂ ದೇವರೂ ಮಾತ್ರ. ದೇವರ ವಿಷಯ ಸ್ವಲ್ಪ ಅನುಮಾನ ಎಂದೂ ಊರಿನವರು ಹೇಳುತ್ತಿದ್ದರು. ಅಂಚೆ ಕಚೇರಿಯ ಕಿಟಕಿಯ ಹಿಂದೆ ಆಯುಷ್ಯ ಸವೆಸಿ ನಿವೃತ್ತಳಾದ ಹೆಂಗಸು. ಕಂಡದ್ದನ್ನು ಕಂಡ ಹಾಗೆ, ಅದೂ ಚರ್ಚಿನ ಬಾಗಿಲಲ್ಲಿ ನಾಲ್ಕು ಜನ ಕೇಳುವ ಹಾಗೆ ಹೇಳಿಬಿಡುವುದು ಅವಳ ಜಾಯಮಾನ.

ಅಂಥವಳು ಜೆ.ಪಿ., ಅಂದರೆ ಜಸ್ಟಿಸ್ ಆಫ್ ದಿ ಪೀಸ್, ಆಗುತ್ತೇನೆಂದು ಅರ್ಜಿ ಹಾಕಿದಳು.

ಜಮೈಕಾದಲ್ಲಿ ಜೆ.ಪಿ. ಇಲ್ಲದೆ ಒಂದು ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಪಾಸ್‌ಪೋರ್ಟಿಗಾಗಲಿ, ಪಿಂಚಣಿಗಾಗಲಿ, ಜಮೀನಿನ ಕಾಗದಕ್ಕಾಗಲಿ, ಬೈಬಲ್ ಮೇಲೆ ಕೈ ಇಡಿಸಿ, ಪ್ರಮಾಣ ಮಾಡಿಸಿ, ಮುದ್ರೆ ಒತ್ತಲು ಅವರೇ ಆಗಬೇಕು. ಸಂಬಳ ಸೊನ್ನೆ, ಗೌರವ ಬೆಟ್ಟದಷ್ಟು. ಜಿಂಜರ್ ಗಲಿಯಲ್ಲಿ ಅಂಥವರೊಬ್ಬರೂ ಇರಲಿಲ್ಲ. ಒಂದು ಮುದ್ರೆಗಾಗಿ ಬಾಡಿಗೆ ಕಾರಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತು ಗುಡ್ಡ ಇಳಿಯಬೇಕಿತ್ತು.

ಐಸಿಲ್ಡಾಳಿಗೆ ಗೌರವದ ಚಪಲ ಇರಲಿಲ್ಲವೆಂದಲ್ಲ. ಅರ್ಜಿ ಹಾಕಿದ ವಾರವೇ ಹೊಸ ಟೋಪಿ ಕೊಂಡಿದ್ದಳು. ಆದರೆ ಮನಸ್ಸಿನೊಳಗೆ ಇನ್ನೊಂದು ಸಂಗತಿ ಇತ್ತು. ಅವಳು ಚಿಕ್ಕವಳಿದ್ದಾಗ, ಕಬ್ಬು ಕಡಿಯುತ್ತಿದ್ದ ಅವಳ ಅಪ್ಪ ಒಂದು ಮುದ್ರೆಗಾಗಿ ಆ ಕಾಲದ ಜೆ.ಪಿ.ಯೊಬ್ಬರ ಅಂಗಳದಲ್ಲಿ ಟೋಪಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದ. ಜಗಲಿಯ ಮೇಲೆ ಕುರ್ಚಿಗಳು ಖಾಲಿ ಬಿದ್ದಿದ್ದವು. ಕೂತುಕೋ ಎಂದು ಯಾರೂ ಹೇಳಲಿಲ್ಲ. ಆ ಖಾಲಿ ಕುರ್ಚಿಗಳನ್ನು ನೆನೆದರೆ ಅವಳಿಗೆ ಇಂದಿಗೂ ಹೊಟ್ಟೆ ಉರಿಯುತ್ತಿತ್ತು.

ತೊಡಕು ಒಂದೇ ಇತ್ತು. ಅರ್ಜಿ ಹಾಕಿದವರ ನಡತೆ ಎಂಥದ್ದೆಂದು ಪಟ್ಟಣದ ಕಚೇರಿಯವರು ಬಂದು ನೆರೆಹೊರೆಯವರನ್ನು ವಿಚಾರಿಸುತ್ತಾರೆ. ಅವರು ಬಂದು ಹೋಗುವವರೆಗೆ ಬಾಯಿಗೆ ಬೀಗ ಹಾಕಬೇಕೆಂದು ಪಾಸ್ಟರ್ ಗ್ಯಾಬಿಡನ್ ತಾಕೀತು ಮಾಡಿದರು.

"ಯಾರೇನಂದ್ರೂ ನಗ್ಬೇಕು, ಸಿಸ್ಟರ್ ಐಸಿಲ್ಡಾ."

"ನಕ್ಕು ನಕ್ಕು ದವಡೆ ಬಿದ್ದೋದ್ರೆ?"

"ಬಿದ್ದೋಗ್ಲಿ. ಊರಿಗೆ ನೆಮ್ಮದಿ."

ಐಸಿಲ್ಡಾ ನಕ್ಕಳು. ಅಂಗಡಿಯವಳು ನಿನ್ನೆಯ ಬನ್ನನ್ನು ಇವತ್ತಿನದು ಎಂದು ಕೊಟ್ಟರೂ ನಕ್ಕಳು. ಊರಿಗೆ ಹಬ್ಬವೇ ಆಯಿತು. ಎಲ್ಲರಿಗಿಂತ ಹೆಚ್ಚು ಕಾಟ ಕೊಟ್ಟವನು ಪಕ್ಕದ ಮನೆಯ ಈನಸ್, ಊರಿನ ಮರ್ಯಾದೆಯ ಮಾತಿನಲ್ಲಿ ಮಾಸ್ ಈನಸ್. ಅವನ ಅಂಗಳದ ಜೀಗುಜ್ಜೆ ಮರದ ಕೊಂಬೆಗಳು ಇವಳ ಸೂರಿನ ಮೇಲೆ ಚಾಚಿದ್ದವು. ಕಾಯಿ ಧೊಪ್ಪೆಂದು ಬಿದ್ದಾಗಲೆಲ್ಲ ಇಬ್ಬರಿಗೂ ಜಗಳ. ಅದು ಎಷ್ಟೋ ವರ್ಷಗಳ ಪದ್ಧತಿ. ಈಗ ಕಾಯಿ ಬಿದ್ದರೂ ಇವಳ ಕಡೆಯಿಂದ ಸದ್ದಿಲ್ಲ. ಒಂದು ದಿನ ಅವನೇ ತಗಡಿನ ಬೇಲಿಯ ಮೇಲೆ ತಲೆ ಹಾಕಿದ.

"ಮಿಸ್ ಐಸಿ, ನನ್ ಮೇಕೆ ನಿನ್ ತೊಗರಿ ಗಿಡ ಎಲ್ಲಾ ಮೇಯ್ದ್ಬಿಡ್ತು."

ಕ್ರಿಸ್‌ಮಸ್ ಅನ್ನಕ್ಕೆಂದು ಬೆಳೆಸಿದ ತೊಗರಿ! ಐಸಿಲ್ಡಾ ಸೆರಗಿಲ್ಲದ ಕಾರಣ ಏಪ್ರನ್ನಿನ ಚುಂಗನ್ನು ಹಿಂಡಿದಳು.

"ಹೌದಾ ಮಾಸ್ ಈನಸ್? ಪಾಪ, ಅದಕ್ಕೆ ಹೊಟ್ಟೆ ತುಂಬ್ತಾ?"

ಈನಸ್ ಕಣ್ಣು ಕಣ್ಣು ಬಿಟ್ಟ. "ಹುಷಾರಾಗಿದೀಯಾ ಮಾರಾಯ್ತಿ? ಡಾಕ್ಟರನ್ನ ಕರೀಲಾ?"

ಅವಳು ಒಳಗೆ ಹೋಗಿ ದಿಂಬಿಗೆ ಬಾಯಿಟ್ಟು, ಅವನ ವಂಶವನ್ನೆಲ್ಲ ಜಾಲಾಡಿ ಬಂದಳು.

ಕೊನೆಗೂ ಪಟ್ಟಣದಿಂದ ಮಿಸ್ಟರ್ ಲಾಸೆಲ್ಸ್ ಎಂಬ ಅಧಿಕಾರಿ ಬಂದರು. ಮನೆ ಮನೆ ಸುತ್ತಿ ಕಡೆಗೆ ಈನಸ್‌ನ ಅಂಗಳಕ್ಕೆ ಕಾಲಿಟ್ಟರು. ಐಸಿಲ್ಡಾ ಒಣಗಿದ ಬಟ್ಟೆಯನ್ನೇ ಮತ್ತೆ ಒಣಹಾಕುತ್ತ ಬೇಲಿಗೆ ಕಿವಿ ಕೊಟ್ಟಳು.

"ಏನ್ ಊರಪ್ಪಾ ಇದು!" ಎಂದರು ಅಧಿಕಾರಿ. "ಯಾರನ್ನ ಕೇಳಿದ್ರೂ 'ಮೃದು ಮಾತಿನ ಶಾಂತ ಹೆಣ್ಣುಮಗಳು'. ಅಂಗಡಿಯವಳೂ ಅದೇ, ಟೈಲರೂ ಅದೇ. ಕುಡ್ದು ಬಿದ್ದಿದ್ದವನೊಬ್ಬ ಕಣ್ಣು ಕೂಡ ಬಿಡದೆ ಅದನ್ನೇ ಒದರಿದ. ನಿಮ್ ಪಾಸ್ಟರ್ ಗಿಳಿಪಾಠ ಮಾಡಿಸಿರೋದು ನಂಗೆ ಗೊತ್ತಾಗಲ್ವಾ? ಪ್ರಮಾಣ ಮಾಡಿಸೋ ಕೆಲಸಕ್ಕೆ ಊರಿಗೂರೇ ಸುಳ್ಳು ಹೇಳಿದ್ರೆ, ಅರ್ಜಿ ವಾಪಸ್ ಕಳಿಸ್ದೆ ನಾನಿನ್ನೇನ್ ಮಾಡ್ಲಿ? ನೀವೂ ಅದನ್ನೇ ಹೇಳೋದಾದ್ರೆ ಬೇಡ, ನಾನ್ ಹೊರಡ್ತೀನಿ."

ಐಸಿಲ್ಡಾ ಬಟ್ಟೆ ಬಿಟ್ಟು ಬೇಲಿಯ ಹತ್ತಿರವೇ ಬಂದು ನಿಂತಳು. ಎಲ್ಲ ಮುಗಿಯಿತು ಅನ್ನಿಸಿತು. ಇನ್ನು ಈನಸ್ ಬೇರೆ ಬಾಯಿ ತೆರೆಯುವವನಿದ್ದ.

"ಶಾಂತ? ಐಸಿಲ್ಡಾನಾ?" ಈನಸ್ ಬಿದ್ದು ಬಿದ್ದು ನಕ್ಕ. "ಸ್ವಾಮಿ, ಅವಳ ಬಾಯಿಗೆ ಬೀದಿನಾಯಿನೂ ದಾರಿ ಬಿಡುತ್ತೆ. ನನ್ ಮದುವೆಯಾದ ಹೊಸದ್ರಲ್ಲಿ, ಭಾನುವಾರ, ಚರ್ಚ್ ಬಾಗಿಲಲ್ಲಿ, ನಮ್ಮತ್ತೆ ಮುಂದೆ ನನ್ನ ಕಳ್ಳ ಅಂದ್ಳು!"

"ಸುಳ್ಳು ಆಪಾದನೆ ಹೊರಿಸಿದ್ರಾ?"

ಈನಸ್ ಮೇಕೆಯ ಹಗ್ಗವನ್ನು ಬಿಗಿದು ಕಟ್ಟಿದ. ಮೇಕೆ ಮ್ಯಾ ಎಂದಿತು.

"ಇಲ್ಲ," ಎಂದ ತಗ್ಗಿದ ದನಿಯಲ್ಲಿ. "ಪಕ್ಕದ ಹೊಲದ ಗೆಡ್ಡೆ ನಾನೇ ಕಿತ್ತಿದ್ದು. ಅವಳು ನನ್ ಬಗ್ಗೆ ಅಂದಿದ್ರಲ್ಲಿ ಒಂದಾದ್ರೂ ಸುಳ್ಳಿದ್ದಿದ್ರೆ ಜಗಳದಲ್ಲಿ ನಾನ್ ಒಂದ್ಸಲನಾದ್ರೂ ಗೆಲ್ತಿದ್ದೆ. ಮಾತು ಬಿಟ್ಟಿದ್ದಾಗ್ಲೂ ಅಂಚೆಗೆ ಬಂದ ನನ್ ಕಾಗದ ಒಂದು ದಿನಾನೂ ತಡ ಮಾಡಿದವಳಲ್ಲ. ಈಗ ಕೆಲವು ತಿಂಗಳಿಂದ ಸುಮ್ಸುಮ್ನೆ ನಗ್ತಾಳೆ ನೋಡಿ, ಅದೊಂದೇ ಅವಳು ಜೀವಮಾನದಲ್ಲಿ ಹೇಳಿರೋ ಸುಳ್ಳು. ಬೇಗ ಮುದ್ರೆ ಕೊಟ್ಟು ಆ ನಗು ನಿಲ್ಸಿ, ನಂಗೆ ಭಯ ಆಗ್ತಿದೆ."

ಅಧಿಕಾರಿ ಸೀದಾ ಇವಳ ಗೇಟಿಗೆ ಬಂದರು. "ಕೇಳಿಸ್ಕೊಂಡ್ರಲ್ಲ. ಅವರು ಹೇಳಿದ್ದು ನಿಜಾನಾ, ಊರವರು ಹೇಳಿದ್ದು ನಿಜಾನಾ?"

ನಕ್ಕು ತೇಲಿಸಿಬಿಡಬಹುದಿತ್ತು. ಮುಖದಲ್ಲಿ ಆ ನಗು ತಯಾರಾಗಿಯೂ ಇತ್ತು. ಅವಳು ಅದನ್ನು ಒರೆಸಿ ಹಾಕಿದಳು.

"ಅವನು ಹೇಳಿದ್ದೇ ನಿಜ. ಊರವರಿಗೆ ನಾನ್ ಕಲಿಸಿಕೊಡ್ಲಿಲ್ಲ, ಆದ್ರೆ ನಾನ್ ನಕ್ಕಿದ್ದೂ ಅಂಥದ್ದೇ ಸುಳ್ಳು. ಅವನ ಮೇಕೆ ನನ್ ತೊಗರಿ ಮೇಯ್ದಾಗ ಅದಕ್ಕೆ ಹೊಟ್ಟೆ ತುಂಬ್ತಾ ಅಂತ ಕೇಳಿದ್ದೆ, ಅದು ಹಸೀ ಸುಳ್ಳು. ಅದರ ಹೊಟ್ಟೆ ಒಡೆದುಹೋಗ್ಲಿ ಅಂತಿತ್ತು ನನ್ ಮನಸ್ಸಲ್ಲಿ."

ಅಧಿಕಾರಿ ಏನನ್ನೋ ಬರೆದುಕೊಂಡು, ನಗು ತಡೆಯಲು ತುಟಿ ಕಚ್ಚಿಕೊಂಡು, ಕಾರು ಹತ್ತಿದರು.

ಹಲವು ವಾರಗಳ ಮೇಲೆ ಕಾಗದ ಬಂತು. ಹೊಸ ಟೋಪಿ ಧರಿಸಿ, ಪಟ್ಟಣದ ನ್ಯಾಯಾಲಯದಲ್ಲಿ ತಾನೇ ಬೈಬಲ್ ಹಿಡಿದು ಪ್ರಮಾಣ ಮಾಡಿ, ಮುದ್ರೆ ಹಿಡಿದು ಬಂದಳು. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಸಾಲಾಗಿ ಕುರ್ಚಿ ಹಾಕಿಸಿದಳು.

ಮೊದಲು ಬಂದವನು ಈನಸ್, ಪಿಂಚಣಿಯ ಕಾಗದ ಹಿಡಿದು. ಮೆಟ್ಟಿಲ ಕೆಳಗೆ, ಬಿಸಿಲಲ್ಲಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಐಸಿಲ್ಡಾಳಿಗೆ ಅಲ್ಲಿ ಅಪ್ಪನೇ ನಿಂತಂತೆ ಕಂಡಿತು.

"ಮೊದ್ಲು ಬೈತೀಯೋ, ಮೊದ್ಲು ಮುದ್ರೆ ಒತ್ತುತ್ತೀಯೋ?" ಎಂದ ಅವನು.

"ಮೊದ್ಲು ಮೇಲೆ ಬಂದು ಕೂತ್ಕೋ. ನನ್ ಜಗಲೀಲಿ ಯಾರೂ ನಿಂತ್ಕೊಂಡು ಕಾಯಲ್ಲ."

ಅವನು ಕೂತ. ಅವಳು ಕಣ್ಣೊರೆಸಿಕೊಂಡಳು, ಅದನ್ನು ಮುಚ್ಚಿಡಲೂ ಇಲ್ಲ. ಬೈಬಲ್ ಮುಂದಿಟ್ಟು ಪ್ರಮಾಣ ಮಾಡಿಸಿ, ಸಹಿ ಹಾಕಿಸಿ, ಮುದ್ರೆಯನ್ನು ಬಲವಾಗಿ ಒತ್ತಿದಳು. ಆಮೇಲೆ ಏಪ್ರನ್ ಬಿಗಿದು ಕಟ್ಟಿಕೊಂಡಳು.

"ಸರಿ, ಸರ್ಕಾರದ ಕೆಲಸ ಮುಗೀತು. ಈಗ ನನ್ ತೊಗರಿ ವಿಷಯಕ್ಕೆ ಬಾ, ಕಳ್ಳ ಮುಂಡೇದೇ!"

ಬೀದಿಯ ತುದಿಯವರೆಗೂ ಕೇಳಿಸಿತು. ಅಂಗಡಿಯವಳು ಗಡಿಬಿಡಿಯಿಂದ ನಿನ್ನೆಯ ಬನ್ನುಗಳನ್ನು ಒಳಗೆ ಎತ್ತಿಟ್ಟಳು. ಮಾಸ್ ಈನಸ್ ಮಾತ್ರ ಟೋಪಿಯನ್ನು ಮಂಡಿಯ ಮೇಲಿಟ್ಟು, ಕುರ್ಚಿಗೆ ಹಾಯಾಗಿ ಒರಗಿ, ಕೊನೆಯ ಬೈಗುಳದವರೆಗೂ ಕೂತೇ ಕೇಳಿದ.