ಬಲಕ್ಕೆ ನೋಡುವ ಮುಖ

ಕಿಟಕಿಯ ಬಿಸಿಲು ಒಂದು ಗೇಣು ಸರಿದಿದೆ, ಈಗ ಅದು ಹ್ಯಾಟಿನ ಅಂಚಿನ ಮೇಲೆ ಕೂತಿದೆ, ಕೂದಲೆಳೆಯಷ್ಟು ಬೆಳ್ಳನೆಯ ಗೆರೆ, ಉಸಿರು ತಾಗಿದರೆ ಮಬ್ಬಾಗುತ್ತದೆ, ಮತ್ತೆ ತಾನಾಗಿಯೇ ಹೊಳೆಯುತ್ತದೆ, ಐದು ಸೆಂಟಿನ ನಾಣ್ಯದೊಳಗೆ ಇಷ್ಟು ಅಗಲದ ಹ್ಯಾಟು ಹಿಡಿಸಿತಲ್ಲ ಎಂದು ನನಗೇ ಸೋಜಿಗ — ಇನ್ನು ಕಿವಿಯೊಂದು ಕೆತ್ತುವುದು ಉಳಿದಿದೆ. ಕಿವಿ ಯಾವಾಗಲೂ ಕೊನೆಗೆ, ಅದು ವಾವ್ರಾ ಹೇಳಿಕೊಟ್ಟದ್ದು, ಹಳಿ ರಿಪೇರಿಯ ಗ್ಯಾಂಗಿನಲ್ಲಿ ನನಗಿಂತ ಹಿರಿಯ, ಊಟದ ಬಿಡುವಿನಲ್ಲಿ ಮುರಿದ ಅರದಿಂದ ಮಾಡಿಕೊಂಡ ಉಳಿ ಹಿಡಿದು ಹಳಿಯ ಮೇಲೆಯೇ ಕೂತುಬಿಡುತ್ತಿದ್ದ, ಹೆಂಡತಿ ಕಟ್ಟಿಕೊಟ್ಟ ಬನ್ನಿನ ಗಸಗಸೆ ತುಟಿಗೆ ಅಂಟಿರುತ್ತಿತ್ತು, ಕಿವಿ ಮೊದ್ಲೇ ಮಾಡ್ಬಿಟ್ರೆ ನಾಣ್ಯದೋನು ಎಲ್ಲಾ ಕೇಳಿಸ್ಕೊಂಬಿಡ್ತಾನೆ ಕಣೋ ಎಲ್ಡನ್, ಮೂಗು ಸೊಟ್ಟ ಆದಾಗ ನೀನು ಬೈದಿದ್ದನ್ನೂ, ಅನ್ನುತ್ತಿದ್ದ, ನಗುತ್ತಿರಲಿಲ್ಲ. ಯುದ್ಧಕ್ಕೆ ಮುಂಚಿನ ಈ ನಾಣ್ಯದ ಮೇಲೆ ಟಂಕಸಾಲೆಯವರು ಒತ್ತಿದ್ದು ಈ ನೆಲದ ಹಳೆಯ ಜನರಲ್ಲೊಬ್ಬ ಮುಖಂಡನ ಮುಖ, ಜಡೆ, ಜಡೆಯ ಮೇಲೆ ಗರಿ, ದೊಡ್ಡ ಮೂಗು, ಬಲಕ್ಕೆ ನೋಡುತ್ತಾನೆ, ಕೆಲಸವಿಲ್ಲದೆ ಗೂಡ್ಸ್ ಗಾಡಿಗಳಲ್ಲಿ ಅಲೆಯುತ್ತಿದ್ದವರು ಗರಿಯನ್ನು ಹೆರೆದು ಹ್ಯಾಟು ಮಾಡಿದರು, ಜಡೆ ಹೆರೆದು ಕೋಟಿನ ಕಾಲರು, ಗದ್ದಕ್ಕೆ ಗಡ್ಡ, ಮಾಡಿ ಒಂದು ಬಟ್ಟಲು ಬೀನ್ಸಿಗೆ ಕೊಟ್ಟು ಮುಂದಿನ ಗಾಡಿ ಹತ್ತಿದರು, ಅಂಥವನೊಬ್ಬನಿಂದ ವಾವ್ರಾ ಕಲಿತ, ವಾವ್ರಾನಿಂದ ನಾನು. ಬೇರೆಯವರು ಕೋಡಂಗಿ ಕೆತ್ತುತ್ತಾರೆ, ಹುಡುಗಿಯರನ್ನು ಕೆತ್ತುತ್ತಾರೆ, ನಾನು ನಲವತ್ತು ವರ್ಷದಿಂದ ಒಬ್ಬನನ್ನೇ. ಲೊರಿನ್. ನನ್ನ ಅಣ್ಣ.

ಅವನದೊಂದು ಫೋಟೋ ಇದ್ದಿದ್ದರೆ ನಾನು ಉಳಿ ಹಿಡಿಯುತ್ತಿರಲಿಲ್ಲವೇನೋ, ಇದ್ದದ್ದು ಒಂದೇ, ಶಾಲೆಯ ಮೆಟ್ಟಿಲ ಮೇಲೆ ಎಲ್ಲರೂ ನಿಂತದ್ದು, ಆ ಗಳಿಗೆಗೆ ಯಾರೋ ಕರೆದರೆಂದು ತಲೆ ತಿರುಗಿಸಿಬಿಟ್ಟ, ಮುಖವಿರಬೇಕಾದಲ್ಲಿ ಹೊಗೆ ಒರೆಸಿದ ಹಾಗೆ ಒಂದು ಕಲೆ. ಆ ಕಲೆಯನ್ನು ಅಮ್ಮ ಸಾಯುವವರೆಗೆ ನೋಡಿದಳು. ನನ್ನ ಹತ್ತಿರ ಇರುವುದು ನದಿ, ಜೂನ್ ತಿಂಗಳು, ಪ್ಲಾಟ್ ನದಿ ಮೊಣಕಾಲಿನಷ್ಟೇ ಆಳ, ದಂಡೆಯ ಮರಗಳ ಬೀಜದಿಂದ ಹತ್ತಿಯಂಥ ಎಳೆ ಬಿಡಿಸಿಕೊಂಡು ಗಾಳಿಯಲ್ಲಿ ನಿಂತಿದೆ, ಬೀಳುತ್ತಿಲ್ಲ, ಏರುತ್ತಿಲ್ಲ, ನನಗೆ ಏಳು ವರ್ಷ, ಲೊರಿನ್‌ಗೆ ಹದಿಮೂರು, ಮೀಸೆಮೀನು ಹಿಡಿಯಲು ಕೂತಿದ್ದೇವೆ, ನಾನು ದೊಡ್ಡವರ ಹಾಗೆ ಗಾಳದ ಕೋಲು ಹಿಂದಕ್ಕೆ ಬೀಸಿ ಎಸೆಯುತ್ತೇನೆ, ದಾರ ಹೋಗಲಿಲ್ಲ, ಎಲ್ಲೋ ಸಿಕ್ಕಿಕೊಂಡಿದೆ, ಮರಕ್ಕೆ ಸಿಕ್ಕಿತೆಂದು ಇನ್ನೂ ಜೋರಾಗಿ ಎಳೆದೆ. ಅವನು ಅಳಲಿಲ್ಲ. ಅಲ್ಲಾಡ್ಬೇಡ ಪುಟ್ಟ, ದೊಡ್ಡ ಮೀನೇ ಸಿಕ್ಕಿದೆ ನಿಂಗೆ, ಅಂದ, ಅವನ ಕಿವಿಯಿಂದ ಕುತ್ತಿಗೆಗೆ ಕೆಂಪು ಇಳಿಯುತ್ತಿತ್ತು, ಅದರ ಮೇಲೆ ಆ ಹತ್ತಿ ಬಂದು ಅಂಟುತ್ತಿತ್ತು. ಅಕ್ಕ ಬ್ಯೂಲಾ ಕೊಕ್ಕೆ ಬಿಡಿಸಿದಳಂತೆ, ನಾನು ಜೋಳದ ಹೊಲದೊಳಗೆ ಓಡಿಹೋಗಿದ್ದೆ, ಕಿವಿಗೆ ಮುಳ್ಳುತಂತಿ ತಾಗಿತೆಂದು ಅಪ್ಪನಿಗೆ ಅಂದರು, ಮೂವರೂ ಮುಳ್ಳುತಂತಿಯೇ ಅಂದೆವು. ಕಿವಿಯ ಮೇಲಂಚಿನಲ್ಲಿ ಗೋಧಿಕಾಳಿನಷ್ಟು ಹರಿದು ಹಾಗೆಯೇ ಮಾಯಿತು. ಅದಾಗಿ ಐದು ವರ್ಷಕ್ಕೆ ಕೆಲಸ ಹುಡುಕುತ್ತೇನೆಂದು ಪಶ್ಚಿಮಕ್ಕೆ ಹೋಗುವ ಗಾಡಿ ಹತ್ತಿದವನು ಒಂದು ಕಾಗದ ಬರೆದ, ಸೇಬು ಕೀಳುವ ಕಡೆಯಿಂದ, ಆಮೇಲೆ ಇಲ್ಲ. ಆ ಹರಿದ ಕಿವಿಯನ್ನು ನಾನು ಕತ್ತಲೆಯಲ್ಲೂ ಕೆತ್ತಬಲ್ಲೆ — ಉಳಿಯ ಮೂಲೆಯಿಂದ ಒಂದೇ ಸಲ ಒಳಕ್ಕೆ ಒತ್ತಿ, ತಿರುವಿ, ಎತ್ತಬೇಕು, ಎರಡನೇ ಸಲ ಕೈ ಹಾಕಿದರೆ ಕೆಟ್ಟಿತು, ಲೋಹವನ್ನು ಹೆರೆಯಬಹುದು, ಹೆರೆದದ್ದನ್ನು ಮತ್ತೆ ಹಚ್ಚುವ ವಿದ್ಯೆ ಯಾರಿಗೂ ಬರುವುದಿಲ್ಲ. ತಿಂಗಳಿಗೊಮ್ಮೆ ಚರ್ಚಿನ ನೆಲಮಾಳಿಗೆಯಲ್ಲಿ ನಾಣ್ಯ ಕೆತ್ತುವ ನಾವು ಏಳೆಂಟು ಮುದುಕರು ಸೇರಿದಾಗ ನನ್ನ ನಾಣ್ಯವನ್ನು ಬೇರೆ ಹೇಳಬೇಕಾಗಿಲ್ಲ, ಕಿವಿ ನೋಡಿಯೇ ಎಲ್ಡನ್‌ದು ಅನ್ನುತ್ತಾರೆ, ನಿನ್ನ ಆಸಾಮಿ ಇನ್ನೂ ಕಿವಿ ಹೊಲಿಸ್ಕೊಂಡಿಲ್ವೇನಯ್ಯ, ನಾವೇ ಚಂದಾ ಎತ್ತಿ ಡಾಕ್ಟರ ಹತ್ರ ಕಳಿಸ್ತೀವಿ, ಅನ್ನುತ್ತಾರೆ, ನಾನೂ ನಗುತ್ತೇನೆ. ಒತ್ತಿದೆ. ತಿರುವಿದೆ. ಎತ್ತಿದೆ. ಅಕ್ಕಿನುಚ್ಚಿನಷ್ಟು ಲೋಹ ಮೇಜಿನ ಬಟ್ಟೆಯ ಮೇಲೆ ಬಿತ್ತು, ಹೊಳೆಯಿತು, ಎಲ್ಲಿ ಹೋಯಿತೋ.

ಕಿವಿ ಕೆತ್ತಿದ್ದು ಸೋಮವಾರ, ಇವತ್ತು ಗುರುವಾರ, ನಡುವಿನ ಮೂರು ದಿನ ಅವನು ಗಾಜಿನ ಜಾಡಿಯಲ್ಲಿ ಬೇಯಿಸಿದ ಮೊಟ್ಟೆಯ ಹಳದಿಯ ಜೊತೆ ಮುಚ್ಚಳ ಹಾಕಿಕೊಂಡು ಕೂತಿದ್ದ, ಮೊಟ್ಟೆಯ ಹಬೆ ತಾಗಿ ಲೋಹ ಕಪ್ಪಾಗಬೇಕು, ಆಮೇಲೆ ಹೆಬ್ಬೆರಳಿಗೆ ಸೋಡಾಪುಡಿ ಹಚ್ಚಿಕೊಂಡು ಮೆಲ್ಲಗೆ ಉಜ್ಜುತ್ತ ಬಂದರೆ ಉಬ್ಬಿದ ಕಡೆಯೆಲ್ಲ ಬೆಳಕಾಗಿ ತಗ್ಗಿನಲ್ಲಿ ಮಾತ್ರ ಕಪ್ಪು ಉಳಿಯುತ್ತದೆ, ಕಣ್ಣಿನ ಕುಳಿ, ತುಟಿಯ ಮೂಲೆ, ಕಾಲರಿನ ಸಂದು, ಕಿವಿಯ ಆ ಹರಕು — ಇವತ್ತು ಬೆಳಿಗ್ಗೆ ಉಜ್ಜುವಾಗ ಅವನು ನೀರಿನಿಂದ ಮೇಲೆ ಬರುವ ಹಾಗೆ ಬಂದ, ಮೊದಲು ಮೂಗು, ಆಮೇಲೆ ಕೆನ್ನೆ, ನಾನು ಅಷ್ಟು ಚೆನ್ನಾಗಿ ಯಾವತ್ತೂ ಮಾಡಿರಲಿಲ್ಲ, ಇನ್ನು ಮುಂದೆ ಮಾಡಲಾರೆ, ಕೈ ನಡುಗುವುದಕ್ಕೆ ಶುರುವಾಗಿದೆ. ಈಗ ಬ್ಯೂಲಾಳನ್ನು ನೋಡಲು ಹೊರಟಿದ್ದೇನೆ, ಕಾರು ಓಡಿಸುತ್ತಿರುವವಳು ಡಾರ್ಲಾ, ಪಕ್ಕದ ಮನೆಯವಳು, ಜೇಬು ಮುಟ್ಟಿ ಮುಟ್ಟಿ ನೋಡ್ಕೋತಿದೀರಲ್ಲ ಎಲ್ಡನ್, ಮದುವೆ ಉಂಗುರ ಇದೆಯಾ, ಅನ್ನುತ್ತಾಳೆ. ಬ್ಯೂಲಾ ಹಿರಿಯರ ಆಶ್ರಮದಲ್ಲಿದ್ದಾಳೆ, ಎಂಬತ್ನಾಲ್ಕು, ಕಣ್ಣು ಹೋಗಿ ಆರು ವರ್ಷ, ಈಗ ಹೃದಯವೂ ದಣಿದಿದೆ, ಹಿಂದಿನ ತಿಂಗಳು ನನ್ನ ಕೈ ಹಿಡಿದು ಹೇಳಿದಳು, ಕತ್ತಲೆಯಲ್ಲಿ ಎಲ್ರೂ ಬರ್ತಾರೆ ಕಣೋ, ಅಮ್ಮ ಬರ್ತಾಳೆ, ಸತ್ತ ನಾಯಿ ಬರುತ್ತೆ, ಲೊರಿನ್ ಮಾತ್ರ ಮುಖ ಇಲ್ದೆ ಬರ್ತಾನೆ, ನೀನು ಆ ನಾಣ್ಯ ಮಾಡ್ತೀಯಲ್ಲ, ಅವನನ್ನ ಮಾಡ್ಕೊಂಡು ಬಾ, ಬೆರಳಲ್ಲಿ ನೋಡ್ತೀನಿ. ಅವಳಿಗೆ ಇದುವರೆಗೆ ನಾನು ಒಂದನ್ನೂ ತೋರಿಸಿರಲಿಲ್ಲ, ಕಣ್ಣಿದ್ದಾಗಲೂ, ಯಾಕೆಂದರೆ ಅವನ ಮುಖ ಕಂಡವರು ಲೋಕದಲ್ಲಿ ಉಳಿದಿರುವುದು ಅವಳು ಮತ್ತು ನಾನು, ಅವಳು ಹೌದು ಅಂದರೆ ಅದು ಅವನು, ಅವಳು ಅಲ್ಲ ಅಂದರೆ ನಲವತ್ತು ವರ್ಷ ನಾನು ಯಾರನ್ನು ಕೆತ್ತಿದೆ.

ಯಾರದು, ಕಾಲು ಎಳೀತಿರೋದು ಕೇಳಿದ್ರೆ ರೈಲ್ವೆಯೋನೇ, ಅಂದಳು ಬ್ಯೂಲಾ, ಹಾಸಿಗೆಯಲ್ಲಿ ಅವಳು ಎಷ್ಟು ಕಡಿಮೆಯಾಗಿದ್ದಾಳೆ, ಹೊದಿಕೆಯ ಕೆಳಗೆ ಮಡಿಸಿಟ್ಟ ಇನ್ನೊಂದು ಹೊದಿಕೆಯ ಹಾಗೆ. ನಾಣ್ಯವನ್ನು ಅಂಗೈಗೆ ಇಟ್ಟೆ, ತಣ್ಣಗಿದೆ ಅಂದಳು, ಕೈಯಲ್ಲೇ ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿಕೊಂಡಳು, ಆಮೇಲೆ ಹೆಬ್ಬೆರಳು ನಡೆಯಿತು, ಹ್ಯಾಟಿನ ಮೇಲೆ — ಇದು ಅಪ್ಪನ ಹ್ಯಾಟು, ಕೇಳದೆ ಹಾಕ್ಕೊಂಡು ಹೋದ, ಅಪ್ಪ ಹ್ಯಾಟಿಗೆ ಒಂದ್ಸಲ ಅವನಿಗೆ ಒಂದ್ಸಲ ಅಂತ ಅತ್ತ, ಅಂದಳು. ಮೂಗು, ಹೂಂ. ಬಾಯಿ, ಸಿಳ್ಳೆ ಹೊಡೆಯೋಕೆ ಮುಂಚೆ ಹಿಂಗೇ ಇರ್ತಿತ್ತು ಅವನ ಬಾಯಿ, ಹೂಂ ಕಣೋ ಎಲ್ಡನ್, ಬಂದ, ಇವನೇ. ನಾನು ಕುರ್ಚಿಯ ಹಿಡಿಕೆ ಬಿಟ್ಟೆ, ಹಿಡಿದದ್ದೇ ಗೊತ್ತಿರಲಿಲ್ಲ, ಕಿಟಕಿಯಾಚೆ ಆ ಹತ್ತಿ ತೇಲುತ್ತಿತ್ತು, ಇಲ್ಲಿಯೂ ಆ ಮರಗಳಿವೆ, ಜೂನ್ ಅಲ್ಲವೇ. ಆಮೇಲೆ ಹೆಬ್ಬೆರಳು ನಿಂತಿತು. ಮುಂದೆ ಹೋಯಿತು, ಹಿಂದೆ ಬಂತು, ನಿಂತಿತು. ಇದ್ಯಾಕೆ ಹರಿದಿದೆ, ಅಂದಳು. ಗಾಳ, ಬ್ಯೂಲಾ, ನನ್ನ ಗಾಳ, ನೀನೇ ಬಿಡಿಸಿದೆಯಲ್ಲ. ಅದು ಗೊತ್ತು, ಆದ್ರೆ ಇದು ಬಲಗಿವಿ, ಅಂದಳು, ಹರಿದಿದ್ದು ಎಡಗಿವಿ ಕಣೋ. ಇಲ್ಲ ಅಂದೆ. ಅವಳು ಜಗಳವಾಡಲಿಲ್ಲ, ಜಗಳಕ್ಕೆ ಉಸಿರಿಲ್ಲ, ನಿಧಾನವಾಗಿ ಒಂದೊಂದೇ ಇಟ್ಟಳು, ನೀನು ಅವನ ಎಡಗಡೆ ಕೂತಿದ್ದೆ, ನಾನು ಅವನನ್ನ ತೊಡೆ ಮೇಲೆ ಮಲಗಿಸ್ಕೊಂಡೆ, ಬಲಗೆನ್ನೆ ನನ್ನ ಲಂಗದ ಮೇಲಿತ್ತು, ಹರಿದ ಕಿವಿ ಮೇಲಿತ್ತು, ಇನ್ನು ಹೆಂಗೆ ಬಿಡಿಸ್ತಿದ್ದೆ. ನೀನು ಆ ಕಿವಿ ನೋಡಿದ್ದೇ ಕಮ್ಮಿ, ಅಂದಳು, ಅವತ್ತಿಂದ ಅವನು ನಿನ್ನನ್ನ ಬಲಗಡೆನೇ ಕೂರಿಸ್ಕೋತಿದ್ದ, ಚರ್ಚಲ್ಲಿ, ಊಟಕ್ಕೆ, ಗಾಡಿಯಲ್ಲಿ, ನಿಂಗೆ ಗೊತ್ತಾಗ್ಲೇ ಇಲ್ವ, ಪುಟ್ಟ ಇದನ್ನ ನೋಡಿದ್ರೆ ಊಟ ಬಿಡ್ತಾನೆ ಬ್ಯೂಲಾ ಅಂತ ನನ್ನ ಹತ್ರ ಅಂದಿದ್ದ. ನಾಣ್ಯ ಬಲಕ್ಕೆ ನೋಡುತ್ತದೆ, ಅದಕ್ಕಿರುವುದು ಒಂದೇ ಕಿವಿ, ಬಲಗಿವಿ, ಹರಕನ್ನು ಇಡಲು ನನಗೆ ಬೇರೆ ಜಾಗವೇ ಇರಲಿಲ್ಲ, ಮೊದಲನೇ ನಾಣ್ಯದಲ್ಲಿ ಅದು ನನಗೆ ತಿಳಿದಿತ್ತೇ, ತಿಳಿದೂ ಇಟ್ಟೆನೇ, ಎಷ್ಟನೆಯ ನಾಣ್ಯಕ್ಕೆ ನೆನಪಿನ ನದಿಯ ದಂಡೆಯಲ್ಲಿ ನಾನು ಎದ್ದು ಅವನ ಇನ್ನೊಂದು ಪಕ್ಕಕ್ಕೆ ಹೋಗಿ ಕೂತೆ. ಬ್ಯೂಲಾ ಇನ್ನೊಂದು ಕೆನ್ನೆ ಸಿಗುತ್ತದೆಯೇನೋ ಎಂದು ನಾಣ್ಯವನ್ನು ಪಕ್ಕಕ್ಕೆ ಹೊರಳಿಸಿದಳು, ಹಿಂಬದಿಯ ಮೇಲೆ ಬೆರಳಾಡಿಸಿದಳು, ಇದೇನೋ ಇದು, ಕಾಲು ಸಿಗ್ತಿದೆ. ಕಾಡುಕೋಣ ಅಂದೆ, ಹಿಂದೆ ಕಾಡುಕೋಣ ಇರುತ್ತೆ. ತಲೆಕೆಳಗಾಗಿದೆ ಪಾಪ, ಅಂದಳು. ನಾಣ್ಯಗಳೇ ಹಾಗೆ, ಪಕ್ಕಕ್ಕೆ ಹೊರಳಿಸಿದರೆ ಹಿಂದಿನದು ತಲೆಕೆಳಗು. ಅವಳು ನಕ್ಕಳೋ ಕೆಮ್ಮಿದಳೋ, ನಾಣ್ಯವನ್ನು ನನ್ನ ಕೈಗಿಟ್ಟು ನನ್ನ ಬೆರಳುಗಳನ್ನು ತಾನೇ ಮಡಿಸಿದಳು, ಇನ್ನೊಂದು ಮಾಡು ಎಲ್ಡನ್, ಕಿವಿ ನೆಟ್ಟಗಿರ್ಲಿ, ಅದು ಅವನು ನಿಂಗೇ ಅಂತ ಇಟ್ಟಿದ್ದ ಕಿವಿ, ನಿಂಗೇ ಚೆನ್ನಾಗಿ ಗೊತ್ತಿರ್ಬೇಕು, ಬೇಗ ಮಾಡು.

ಮೆಚ್ಚಿದ್ರಾ ಅಂತ ವಾಪಸು ಬರುವ ದಾರಿಯಲ್ಲಿ ಡಾರ್ಲಾ ಕೇಳುತ್ತಾಳೆ, ಮೂಗು ಮೆಚ್ಚಿದಳು ಅನ್ನುತ್ತೇನೆ, ಮಿಕ್ಕಿದ್ದು, ಅನ್ನುತ್ತಾಳೆ, ಮಿಕ್ಕಿದ್ದು ಇನ್ನೊಂದರಲ್ಲಿ ಅನ್ನುತ್ತೇನೆ, ಜೋಳದ ಹೊಲಗಳು ಸಾಲುಸಾಲಾಗಿ ತೆರೆದು ಮುಚ್ಚುತ್ತವೆ, ಗಾಜಿಗೆ ಬಂದು ತಾಗಿದ ಹತ್ತಿ ತಾಗಿಯೂ ತಾಗದೆ ಹಾರಿಹೋಗುತ್ತದೆ. ಬೇಗ ಮಾಡು ಅಂದಳು. ಮನೆಯಲ್ಲಿ ಇನ್ನೂ ಹೆರೆಯದ ನಾಣ್ಯಗಳಿವೆ, ನಡುಗುವ ಕೈಯನ್ನು ಮೇಜಿಗೆ ಒತ್ತಿಹಿಡಿದರೆ ಇನ್ನೊಂದಾದೀತು, ನೆಟ್ಟಗಿನ ಕಿವಿ ಹರಿದದ್ದಕ್ಕಿಂತ ಸುಲಭ, ಆದರೆ ಅದು ಹೇಗಿತ್ತು — ಐದು ವರ್ಷ ಅದರ ಪಕ್ಕದಲ್ಲಿ ಕೂತಿದ್ದೇನೆ, ಚರ್ಚಿನಲ್ಲಿ ಅವನು ಹಾಡಿನ ಪುಸ್ತಕವನ್ನು ನನ್ನ ಎತ್ತರಕ್ಕೆ ಇಳಿಸಿ ಹಿಡಿಯುತ್ತಿದ್ದ, ನಾನು ಓದಲಾರದೆ ಮೇಲೆ ನೋಡುತ್ತಿದ್ದೆ, ಕಿಟಕಿಯ ಬೆಳಕು ಅವನ ಕಿವಿಯ ಹಿಂದಿನಿಂದ ಬಂದು ಅದು ಕೆಂಪಗೆ, ದೀಪದ ಹಾಗೆ — ಬಂತು, ಬಂತು, ಕೆಂಪು ಬಂತು, ಅಂಚು ಬಂತು, ಅಂಚಿನಲ್ಲಿ ಹರಕು ಬಂತು, ನನ್ನ ಉಳಿಯ ಹರಕು, ಒತ್ತಿ ತಿರುವಿ ಎತ್ತಿದ್ದು. ಊಟದ ಮೇಜು, ಆಲೂಗಡ್ಡೆಯ ಹಬೆ, ಅವನು ಜಗಿಯುವಾಗ ಕಿವಿಯ ಬುಡ ಆಡುತ್ತದೆ, ಬುಡ ಸರಿಯಾಗಿದೆ, ಮೇಲಕ್ಕೆ ಹೋದರೆ ಹರಕು. ಎಲ್ಲಾ ಕಡೆಯೂ ನಾನು ಮುಂಚೆಯೇ ಹೋಗಿ ಕತ್ತರಿಸಿಟ್ಟು ಬಂದಿದ್ದೇನೆ. ಕೊನೆಯ ದಿನ, ಅದೊಂದಿದೆ, ಅವನು ಗೂಡ್ಸ್ ಡಬ್ಬಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ, ನಾನು ಹಳಿಯ ಪಕ್ಕದ ಹುಲ್ಲಿನಲ್ಲಿ, ಗಾಡಿ ಬಲಕ್ಕೆ ಹೋಗುತ್ತದೆ, ಅವನೂ ಬಲಕ್ಕೆ ನೋಡುತ್ತಾನೆ, ಮುಂದಕ್ಕೆ, ಒಂದು ಸಲವೂ ಹಿಂದಿರುಗಿ ನೋಡಲಿಲ್ಲ, ಅರವತ್ತು ವರ್ಷ ಅದನ್ನು ಕಲ್ಲುಮನಸ್ಸು ಅಂದುಕೊಂಡೆ, ಹಿಂದಿರುಗಿದ್ದರೆ ನನಗೆ ಕಾಣುತ್ತಿದ್ದದ್ದು ಆ ಇನ್ನೊಂದು ಕಿವಿ. ಈಗ ತಿರುಗಿ ನೋಡಬಹುದು ಲೊರಿನ್, ನನಗೆ ಎಪ್ಪತ್ನಾಲ್ಕು, ನಾನು ಊಟ ಬಿಡುವುದಿಲ್ಲ, ಹರಿದದ್ದನ್ನು ಅದರ ಜಾಗದಲ್ಲಿ ಒಂದು ಸಲ ತೋರಿಸು, ಆಗ ನೆಟ್ಟಗಿನದು ತಾನಾಗಿಯೇ ನೆಟ್ಟಗಾಗುತ್ತದೆ, ತಿರುಗು, ಸ್ವಲ್ಪ, ಹ್ಯಾಟಿನ ಅಂಚು ಅಲ್ಲಾಡುತ್ತದೆ, ಕೆನ್ನೆ ಕಿರಿದಾಗುತ್ತದೆ, ಮುಖ ಗೆರೆಯಷ್ಟಾಗುತ್ತದೆ, ನಾಣ್ಯದ ಅಂಚಿನಷ್ಟು, ತಿರುಗಿದ — ಕಾಡುಕೋಣ, ತಲೆಕೆಳಗಾಗಿ, ನಾಲ್ಕು ಗೊರಸೂ ಆಕಾಶಕ್ಕೆ. ಇಲ್ಲ, ಮತ್ತೆ, ಮೆಲ್ಲಗೆ, ಗಾಡಿ ಇನ್ನೂ ಹೋಗಿಲ್ಲ, ಬಾಗಿಲಲ್ಲಿ ಇದ್ದಾನೆ, ಲೊರಿನ್, ಇತ್ತ, ಹ್ಯಾಟು, ಕೆನ್ನೆ, ಗೆರೆ — ಕಾಡುಕೋಣ, ಗೊರಸು ಮೇಲೆ. ಇತ್ತ ಲೊರಿನ್. ಗೊರಸು ಮೇಲೆ.