ನಲವತ್ತೆರಡನೆಯ ಅಭಿಪ್ರಾಯ

ಇಸವಿ ಮೇಷ್ಟ್ರು ಸುಳ್ಳು ಹೇಳುವುದಿಲ್ಲ ಎಂಬ ಮಾತಿಗೆ ಅವರ ಶಾಲೆಯಲ್ಲಿ ಗೋಡೆ ಗಡಿಯಾರಕ್ಕಿಂತ ಹೆಚ್ಚು ಬೆಲೆಯಿತ್ತು. ಗಡಿಯಾರವಾದರೂ ವಾರಕ್ಕೊಮ್ಮೆ ಹಿಂದೆ ಬೀಳುತ್ತಿತ್ತು. ಇಪ್ಪತ್ತೆರಡು ವರ್ಷ ಇತಿಹಾಸ ಪಾಠ ಮಾಡಿದವರು ಅವರು. ಯಾರಾದರೂ ‘ಬಹಳ ಹಿಂದೆ’ ಎಂದರೆ ‘ಯಾವ ಇಸವಿ?’ ಎನ್ನುವರು. ‘ಎಲ್ಲರೂ ಹೇಳ್ತಾರೆ’ ಎಂದರೆ ‘ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಹೇಳಿದವನಿಗೆ ಏನು ಲಾಭ?’ ಎಂದು ಮೂರು ಪ್ರಶ್ನೆ ಎಸೆಯುವರು. ಈ ಮೂರು ಪ್ರಶ್ನೆ ಕಲಿಯದೆ ಅವರ ತರಗತಿಯಿಂದ ಯಾರೂ ಆಚೆ ಹೋದದ್ದಿಲ್ಲ. ತಮ್ಮ ಮಾತನ್ನು ಇದುವರೆಗೆ ಯಾರೂ ಸುಳ್ಳೆಂದು ತೋರಿಸಿಲ್ಲ ಎಂಬುದೊಂದೇ ಅವರ ಆಸ್ತಿ, ಅದರ ಮೇಲೆ ಅವರಿಗೆ ತುಸು ಜಂಬವೂ ಇತ್ತು.

ಇಂಥ ಮನುಷ್ಯ ಜರ್ಮನ್ ಕಾರಿನ ವಿಷಯದಲ್ಲಿ ಮಾತ್ರ ಯಾರಿಗೂ ಯಾವ ಪ್ರಶ್ನೆಯನ್ನೂ ಹಾಕಲಿಲ್ಲ.

ಕನ್ನಡಕದ ನಂಬರು ನೋಡಿಸಲು ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ಡಾಕ್ಟರು ಆ ಜರ್ಮನ್ ಕಂಪನಿಯ ಕಾರು ಇಟ್ಟುಕೊಂಡವರ ಸಂಘಕ್ಕೆ ಆಜೀವ ಅಧ್ಯಕ್ಷರು. ಮೇಷ್ಟ್ರ ಕಣ್ಣಿಗೆ ದೀಪ ಬಿಡುತ್ತಲೇ ತಮ್ಮ ಕಾರು ಮಾರಾಟಕ್ಕಿದೆ ಎಂಬ ಸುದ್ದಿಯನ್ನೂ ಬಿಟ್ಟರು. ಮೇಷ್ಟ್ರು ಬೇಡವೆಂದೇ ಹೇಳುವವರಿದ್ದರು. ಆಗ ಡಾಕ್ಟರು ಕಪಾಟಿನಿಂದ ಒಂದು ಪುಸ್ತಕ ತೆಗೆದುಕೊಟ್ಟರು. ಕಂಪನಿಯೇ ಬರೆಸಿದ ತನ್ನ ಇತಿಹಾಸ, ಎದೆಯ ಮೇಲಿಟ್ಟುಕೊಂಡು ಓದಿದರೆ ಉಸಿರು ಕಟ್ಟುವಷ್ಟು ದಪ್ಪ. ಮೂಲಪುರುಷ ಬೀಗ ಮಾಡುವವನಂತೆ. ಬೀಗದಿಂದ ನೀರೆತ್ತುವ ಪಂಪಿಗೆ, ಪಂಪಿನಿಂದ ಇಂಜಿನಿಗೆ ಬಂದನಂತೆ. ಮೊದಲ ಕಾರನ್ನು ಕೊಂಡ ರಾಜಕುಮಾರ ಅದರಲ್ಲೇ ಕೂತು ಊಟ ಮಾಡುತ್ತಿದ್ದನಂತೆ. ಪ್ರತಿ ಪುಟದಲ್ಲೂ ಇಸವಿ! ಮೇಷ್ಟ್ರು ಅಲ್ಲೇ ಬಿದ್ದುಹೋದರು.

ಉಳಿದದ್ದನ್ನು ಸಂಘದ ವೆಬ್‌ಸೈಟು ನೋಡಿಕೊಂಡಿತು. ಅದರಲ್ಲಿ ‘ಮಾಲೀಕರ ಮಾತು’ ಎಂಬ ಪುಟ, ಆ ಪುಟದಲ್ಲಿ ನಲವತ್ತೊಂದು ಅಭಿಪ್ರಾಯ, ನಲವತ್ತೊಂದಕ್ಕೂ ಐದೈದು ನಕ್ಷತ್ರ. ‘ಇದು ಕಾರಲ್ಲ, ಮನೆಯ ಮಗ’ ಎಂದು ಹಲ್ಲಿನ ಡಾಕ್ಟರು ಬರೆದಿದ್ದರು. ‘ಇದರ ಬಾಗಿಲು ಹಾಕುವಾಗಿನ ಗಂಭೀರ ಸದ್ದು ಕೇಳುತ್ತಾ ದಾರಿಯಲ್ಲಿ ನಾಲ್ಕು ಸಲ ಇಳಿದು ಹತ್ತುತ್ತೇನೆ’ ಎಂದು ಕಟ್ಟಡದ ಕಂಟ್ರಾಕ್ಟರು ಬರೆದಿದ್ದರು. ದಾರಿಯಲ್ಲಿ ನಾಲ್ಕು ಸಲ ಯಾಕೆ ಇಳಿಯಬೇಕು ಎಂದು ಮೇಷ್ಟ್ರು ಕೇಳಿಕೊಳ್ಳಲಿಲ್ಲ. ಪ್ರೀತಿಗೆ ಕಣ್ಣಿಲ್ಲ ಎನ್ನುತ್ತಾರೆ, ಅದೂ ಕಣ್ಣಿನ ಡಾಕ್ಟರ ಎದುರು ಹುಟ್ಟಿದ ಪ್ರೀತಿ.

ಹಳೆಯ ಸ್ಕೂಟರು ಹೋಗಿ ಕಾರು ಮನೆಗೆ ಬಂದ ದಿನ ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದಳು. ಆಕೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ರೋಗಿ ಬಾಗಿಲಲ್ಲಿ ಕಾಲಿಡುತ್ತಲೇ ಎಷ್ಟು ದಿನದ ಗಿರಾಕಿ ಎಂದು ಅಂದಾಜು ಮಾಡಬಲ್ಲವಳು.

“ನೋಡೋಕೆ ಚೆನ್ನಾಗಿದೆ. ಆದ್ರೆ ಉಸಿರಾಟ ಯಾಕೋ ಸರಿ ಇಲ್ಲ ಕಣ್ರೀ,” ಎಂದಳು.

“ಜರ್ಮನ್ ಇಂಜಿನ್ನು ಹಾಗೇನೇ. ನಿನಗೆ ಗೊತ್ತಾಗಲ್ಲ ಸುಮ್ನಿರು,” ಎಂದರು ಮೇಷ್ಟ್ರು.

ನಾಲ್ಕನೆಯ ವಾರ ಸ್ಟಿಯರಿಂಗಿನ ಹಿಂದೆ ಹಳದಿ ದೀಪ ಹತ್ತಿತು. ಐದನೆಯ ವಾರ ಕಾರು ಶಾಲೆಯ ಗೇಟಿನಲ್ಲಿ ನಿಂತು, ಹೆಡ್‌ಮಾಸ್ಟರನ್ನು ಒಳಗೂ ಬಿಡದೆ, ಮಕ್ಕಳನ್ನು ಹೊರಗೂ ಬಿಡದೆ, ಒಂದು ಗಂಟೆ ಸತ್ಯಾಗ್ರಹ ಮಾಡಿತು. ಪೆಟ್ರೋಲ್ ಬಂಕಿನ ಹಿಂದಿನ ಗ್ಯಾರೇಜಿಗೆ ಎಳೆದುಕೊಂಡು ಹೋದರೆ ಮೆಕ್ಯಾನಿಕ್ಕು ಲ್ಯಾಪ್‌ಟಾಪಿನ ವೈರು ಚುಚ್ಚಿ ಅರ್ಧ ದಿನ ಧ್ಯಾನಕ್ಕೆ ಕೂತ.

“ಸಾರ್, ಇದು ತುಂಬಾ ಬುದ್ಧಿವಂತ ಕಾರು. ತನಗೇನೋ ಆಗಿದೆ ಅಂತ ಅದಕ್ಕೆ ಗೊತ್ತು. ಏನಾಗಿದೆ ಅಂತ ಮಾತ್ರ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ,” ಎಂದ.

ಕೊನೆಗೆ ಗೇರ್‌ಬಾಕ್ಸೇ ಹೋಗಿದೆ ಎಂದು ಗೊತ್ತಾಯಿತು. ಸಾಮಾನು ಜರ್ಮನಿಯಿಂದ ಬರಬೇಕು. ಬಂದದ್ದು ಇನ್ನಾವುದೋ ಮಾದರಿಯದು, ವಾಪಸು ಹೋಯಿತು. ಮತ್ತೆ ಬಂತು. ಹಾಕಿದ ಮೇಲೆ ಬೇರೇನೋ ಕೈಕೊಟ್ಟಿತು. ಎರಡು ವರ್ಷದಲ್ಲಿ ಆ ಕಾರು ಮೇಷ್ಟ್ರ ಮನೆಯಲ್ಲಿದ್ದದ್ದಕ್ಕಿಂತ ಗ್ಯಾರೇಜಿನಲ್ಲಿದ್ದದ್ದೇ ಹೆಚ್ಚು. ಹೆಂಡತಿ ಮೊದಲಿನಂತೆಯೇ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಿದ್ದಳು. ಅಕ್ಕಪಕ್ಕದವರು “ಏನಮ್ಮಾ, ಜರ್ಮನ್ ಕಾರಿಗೆ ಇವತ್ತು ರಜಾನಾ?” ಎಂದು ವಿಚಾರಿಸುತ್ತಿದ್ದರು. ಆಕೆ ನಗುತ್ತಿದ್ದಳು. ಮೇಷ್ಟ್ರಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಆ ಉರಿಯಲ್ಲೇ ಒಂದು ಭಾನುವಾರ ಸಂಘದ ಸಭೆಗೆ ಹೋದರು. ಸಭೆ ಕಣ್ಣಿನ ಡಾಕ್ಟರ ಕ್ಲಿನಿಕ್ಕಿನಲ್ಲೇ. ಕಾರಿಲ್ಲದ ಕಾರಣ ಬಸ್ಸಿನಲ್ಲಿ ಹೋದ ಮೇಷ್ಟ್ರು, ಯಾರೂ ನೋಡದಿರಲೆಂದು ಒಂದು ಸ್ಟಾಪು ಮೊದಲೇ ಇಳಿದರು. ಅದೇ ಸ್ಟಾಪಿನಲ್ಲಿ ಹಲ್ಲಿನ ಡಾಕ್ಟರೂ ಇಳಿದರು. ಮೂಲೆ ತಿರುಗಿದರೆ ಕಂಟ್ರಾಕ್ಟರು ಹೆಂಡತಿಯ ಪುಟ್ಟ ಜಪಾನಿ ಕಾರನ್ನು ಮರದ ಮರೆಗೆ ನಿಲ್ಲಿಸುತ್ತಿದ್ದರು. ಇನ್ನೊಬ್ಬ ಸದಸ್ಯರಾದ ಆಡಿಟರು ನಡೆದೇ ಬಂದರು, ಆರೋಗ್ಯಕ್ಕೆ ಒಳ್ಳೆಯದಂತೆ. ಹದಿನಾಲ್ಕು ಜನ ಕಾರು ಮಾಲೀಕರ ಸಭೆ ಸೇರಿತು, ಬೀದಿಯಲ್ಲಿ ಒಂದೂ ಜರ್ಮನ್ ಕಾರಿರಲಿಲ್ಲ.

ಅಧ್ಯಕ್ಷರು ಎಂದಿನಂತೆ ಮೂಲಪುರುಷನ ಬೀಗದಿಂದ ಪುರಾಣ ಶುರು ಮಾಡಿದರು. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದರು ಎಂದರು. ಮುಂದಿನ ವಾಕ್ಯದಲ್ಲಿ ನಲವತ್ತೆಂಟು ಬಂತು, ಕಂಪನಿ ಹೊಸ ಹುರುಪಿನಿಂದ ಕೆಲಸಕ್ಕೆ ಇಳಿಯಿತು. ಮೇಷ್ಟ್ರು ಕೈಯೆತ್ತಿದರು.

“ಮಧ್ಯದ ಹದಿನಾರು ವರ್ಷ ಎಲ್ಲಿ ಹೋಯ್ತು ಡಾಕ್ಟ್ರೇ? ಪುಸ್ತಕದಲ್ಲೂ ಇಲ್ಲ. ಆಗ ಅಲ್ಲಿ ಯುದ್ಧ ನಡೆದಿತ್ತು. ಕಾರ್ಖಾನೆ ಏನು ತಯಾರು ಮಾಡ್ತಿತ್ತು? ಯಾರನ್ನ ಹಿಡ್ಕೊಂಬಂದು ದುಡಿಸ್ತಿದ್ರು? ಅವರಿಗೆ ಕೂಲಿ ಸಿಗ್ತಿತ್ತಾ, ಬೇಡಿ ಸಿಗ್ತಿತ್ತಾ?”

ಸಭೆ ಕೆಮ್ಮಿತು. “ಅದೆಲ್ಲಾ ಈಗ್ಯಾಕೆ ಮೇಷ್ಟ್ರೇ? ತನಗೆ ಅನುಕೂಲ ಇಲ್ಲದ್ದನ್ನ ಯಾರಾದ್ರೂ ತಾವೇ ಬರ್ಕೊಳ್ತಾರಾ?” ಎಂದರು ಆಡಿಟರು.

“ಹಾಗಾದ್ರೆ ಅದು ಇತಿಹಾಸ ಅಲ್ಲ, ಜಾಹೀರಾತು. ಇರ್ಲಿ. ನನ್ನ ಗೇರ್‌ಬಾಕ್ಸ್ ಹೋಗಿದೆ. ಅದನ್ನ ನಾನು ‘ಮಾಲೀಕರ ಮಾತು’ ಪುಟದಲ್ಲಿ ಬರೀತೀನಿ.”

ಕುಂಬಳಕಾಯಿ ಕಳ್ಳ ಎಂದೊಡನೆ ಹದಿಮೂರು ಜನ ಹೆಗಲು ಮುಟ್ಟಿ ನೋಡಿಕೊಂಡರು. ಆಡಿಟರು ಮೇಷ್ಟ್ರ ರಟ್ಟೆ ಹಿಡಿದು ಔಷಧಿ ಅಂಗಡಿಯ ಕಡೆಯ ಓಣಿಗೆ ಕರೆದೊಯ್ದರು. “ನನ್ನದು ಎರಡು ಸಲ ಹೋಗಿದೆ. ಹಲ್ಲಿನ ಡಾಕ್ಟ್ರದ್ದು ಮೂರು ಸಲ. ಅಧ್ಯಕ್ಷರದ್ದು ಎಷ್ಟು ಸಲ ಅಂತ ನಿಮಗೇ ಗೊತ್ತಾಗ್ಬೇಕು, ಈಗ ಅದು ನಿಮ್ಮನೇಲಿದೆ. ನೀವು ನಿಜ ಬರೆದ್ರೆ ನಾಳೆಯಿಂದ ನಮ್ಮ ಯಾರ ಕಾರನ್ನೂ ನಾಯಿ ಮೂಸಲ್ಲ, ನಿಮ್ಮದನ್ನೂ ಸೇರಿಸಿ. ಐದು ನಕ್ಷತ್ರ ಕೊಡಿ, ಮಾರಿ, ಕೈ ತೊಳ್ಕೊಳ್ಳಿ. ಎಲ್ಲರೂ ಹಂಗೇ ಮಾಡಿದ್ದು, ಮಾರೋಕೆ ಹೊರಟಾಗಲೇ ಬರೆಯೋದು.”

ಮೇಷ್ಟ್ರು ಅಲ್ಲೇ ಮೊಬೈಲು ತೆಗೆದು ನೋಡಿದರು. ನಲವತ್ತೊಂದನೆಯ ಅಭಿಪ್ರಾಯ ಕಣ್ಣಿನ ಡಾಕ್ಟರದ್ದು. ತಾರೀಖು, ತಾವು ಕನ್ನಡಕಕ್ಕೆಂದು ಹೋದ ದಿನಕ್ಕೆ ಸರಿಯಾಗಿ ಎರಡು ದಿನ ಮೊದಲಿನದು. ಇಂಗು ತಿಂದ ಮಂಗನಂತೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. “ಕಣ್ಣಿನ ಡಾಕ್ಟ್ರೇ ಕಣ್ಣಿಗೆ ಮಣ್ಣೆರಚಿದ ನೋಡು!”

“ನೀವು ಕಣ್ಣು ಅಗಲಿಸಿಕೊಂಡು ಕೂತಿದ್ರಿ, ಅವರು ಎರಚಿದ್ರು. ಈಗೇನು ಮಾಡ್ತೀರಿ?”

ಮಾಡಿದ್ದು ಇದು. ಮೆಕ್ಯಾನಿಕ್ಕು ಹಳದಿ ದೀಪವನ್ನು ಹೇಗೋ ಆರಿಸಿ ಕಾರನ್ನು ಮನೆಗೆ ಕಳಿಸಿದ ವಾರ, ಮೇಷ್ಟ್ರು ನಾಲ್ಕು ದಿನ ಕೂತು ತಿದ್ದಿ ತೀಡಿ ನಲವತ್ತೆರಡನೆಯ ಅಭಿಪ್ರಾಯ ಬರೆದರು. ಕೊಳ್ಳುವವನು ಯಾವನೋ ದುಡ್ಡಿನ ಕುಳವಾಗಿರುತ್ತಾನೆ, ಅವನಿಗೇನು ನಷ್ಟ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಆದರೆ ಸುಳ್ಳು ಬರೆಯಲು ಕೈ ಏಳಲಿಲ್ಲ. ಹಾಗಾಗಿ ಅದರಲ್ಲಿ ಒಂದೂ ಸುಳ್ಳು ವಾಕ್ಯ ಬರದಂತೆ ನೋಡಿಕೊಂಡರು. ‘ಈ ಕಾರು ನನ್ನನ್ನು ಒಮ್ಮೆಯೂ ವೇಗದ ಮಿತಿ ಮೀರಲು ಬಿಟ್ಟಿಲ್ಲ. ಇದು ಬಂದ ಮೇಲೆ ಪೆಟ್ರೋಲಿನ ಖರ್ಚು ಅರ್ಧಕ್ಕೆ ಇಳಿಯಿತು. ನೆರೆಹೊರೆಯವರು ದಿನವೂ ಇದರ ಬಗ್ಗೆ ವಿಚಾರಿಸುತ್ತಾರೆ.’ ಕೆಳಗೆ ಹೆಸರು, ಶಾಲೆಯ ವಿಳಾಸ, ಐದು ನಕ್ಷತ್ರ.

ಹೆಂಡತಿ ಓದಿದಳು. “ಇದ್ರಲ್ಲಿ ಒಂದು ಮಾತೂ ಸುಳ್ಳಿಲ್ಲ,” ಎಂದಳು.

“ಇಲ್ಲ,” ಎಂದರು ಮೇಷ್ಟ್ರು, ಸ್ವಲ್ಪ ಬೀಗುತ್ತಾ.

“ನಿಜಾನೂ ಒಂದಿಲ್ಲ.”

ಮಾರಾಟದ ಜಾಹೀರಾತು ಕೊಟ್ಟ ಮೂರನೆಯ ದಿನವೇ ಗಿರಾಕಿ ಬಂತು. ಮೇಷ್ಟ್ರು ಬಾಗಿಲು ತೆರೆದರೆ ದುಡ್ಡಿನ ಕುಳವಲ್ಲ, ಹತ್ತು ವರ್ಷದ ಹಿಂದೆ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ಅವಳ ಅಪ್ಪ ಶಾಲೆಯ ವ್ಯಾನು ಓಡಿಸುತ್ತಿದ್ದವನು. ಮೂರು ಪ್ರಶ್ನೆಗಳನ್ನು ಉಳಿದವರು ಬಾಯಿಪಾಠ ಮಾಡಿದ್ದರೆ ಇವಳೊಬ್ಬಳು ಮೇಷ್ಟ್ರಿಗೇ ತಿರುಗಿ ಹಾಕಿದ್ದಳು. ಈಗ ಅವರಿವರ ಬಾಡಿಗೆ ಕಾರು ಓಡಿಸುತ್ತಾಳಂತೆ. ಆರು ವರ್ಷ ಕೂಡಿಟ್ಟದ್ದನ್ನೆಲ್ಲ ಹಾಕಿ ಸ್ವಂತದ್ದೊಂದು ಕಾರು ಕೊಂಡು ವಿಮಾನ ನಿಲ್ದಾಣಕ್ಕೆ ದೊಡ್ಡ ಮನುಷ್ಯರನ್ನು ಕರೆದೊಯ್ಯಬೇಕಂತೆ. ಅಂಥವರು ಜರ್ಮನ್ ಕಾರೆಂದರೆ ಮಾತ್ರ ಹತ್ತುತ್ತಾರಂತೆ.

“ನಲವತ್ತೊಂದು ಜನ ಬರೆದಿದ್ದನ್ನ ನಾನು ನಂಬ್ಲಿಲ್ಲ ಸರ್. ಎಲ್ಲಾ ಒಂದೇ ರಾಗ. ನಲವತ್ತೆರಡನೇದು ನಿಮ್ಮ ಹೆಸರು ನೋಡಿದೆ. ಆಮೇಲೆ ಹುಡುಕೋದನ್ನೇ ಬಿಟ್ಬಿಟ್ಟೆ,” ಎಂದಳು.

ಒಳಗೆ ಹೆಂಡತಿ ಯೂನಿಫಾರಮ್ಮಿಗೆ ಇಸ್ತ್ರಿ ಮಾಡುತ್ತಿದ್ದವಳು ಕೈ ನಿಲ್ಲಿಸಿದ್ದು ಮೇಷ್ಟ್ರಿಗೆ ಗೊತ್ತಾಯಿತು. ಅವರಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ, ಕಿವಿ ಬಿಸಿಯಾಗುವಂಥದ್ದು. ಹುಡುಗಿಯನ್ನು ಕೂರಿಸಿ ಹೇಳಿಯೇ ಬಿಟ್ಟರು.

“ನೋಡಮ್ಮಾ, ಈ ಕಾರು ಬೇಡ. ಗೇರ್‌ಬಾಕ್ಸ್ ಒಂದ್ಸಲ ಹೋಗಿದೆ. ಯಾವಾಗ ಎಲ್ಲಿ ನಿಲ್ಲುತ್ತೋ ಹೇಳೋಕಾಗಲ್ಲ. ನಾನು ಬರೆದಿದ್ದು... ಸ್ವಲ್ಪ ಜಾಸ್ತಿ ಆಯ್ತು.”

ಹುಡುಗಿ ನಕ್ಕಳು. ಆಮೇಲೆ ನಗು ನಿಂತಿತು. ಅವಳು ಯೋಚಿಸುತ್ತಿದ್ದಳು. ಮೇಷ್ಟ್ರು ಕಲಿಸಿದ ರೀತಿಯಲ್ಲೇ ಯೋಚಿಸುತ್ತಿದ್ದಳು.

“ಊರಿಗೆಲ್ಲಾ ಕಾಣೋ ಹಾಗೆ ಹೆಸರು ಹಾಕಿ ಹೊಗಳಿದ್ದೀರಿ. ನನ್ನೊಬ್ಬಳ ಹತ್ರ ಬೈತಿದ್ದೀರಿ. ಮಾರೋರು ತಮ್ಮ ಸಾಮಾನನ್ನ ತಾವೇ ಬೈದ್ರೆ ಅವರಿಗೇನು ಲಾಭ ಸರ್? ಒಂದೋ ಇನ್ನೂ ಜಾಸ್ತಿ ಕೊಡೋರು ಸಿಕ್ಕಿರ್ಬೇಕು. ಇಲ್ಲಾಂದ್ರೆ...” ಅವಳ ದನಿ ಬದಲಾಯಿತು. “ಇಲ್ಲಾಂದ್ರೆ ಇಂಥ ಕಾರು ವ್ಯಾನ್ ಡ್ರೈವರ್ ಮಗಳ ಕೈಗೆ ಹೋಗೋದು ಬೇಡ ಅನ್ನಿಸಿರ್ಬೇಕು.”

“ಛೇ ಛೇ! ಹಾಗಲ್ಲಮ್ಮಾ!”

“ಮತ್ತೆ ಹೇಗೆ ಸರ್?”

ಪಕ್ಕದ ಮೇಜಿನ ಡ್ರಾಯರಿನಲ್ಲಿ ಗ್ಯಾರೇಜಿನ ರಸೀತಿಗಳ ಕಟ್ಟೇ ಇತ್ತು. ಕೈ ಚಾಚಿದರೆ ಸಿಗುತ್ತಿತ್ತು. ಮೆಕ್ಯಾನಿಕ್ಕಿಗೆ ಫೋನು ಮಾಡಬಹುದಿತ್ತು. ಮೇಷ್ಟ್ರು ಎರಡನ್ನೂ ಮಾಡಲಿಲ್ಲ. ಹುಡುಗಿಯ ಕಣ್ಣು ತುಂಬಿದ್ದು ನೋಡಿ ಕರಗಿದೆ ಎಂದು ಅವರು ಆಮೇಲೆ ಹೇಳಿಕೊಂಡರು. ಕರಗಿದ್ದೂ ಹೌದು. ಹೇಳುವುದನ್ನು ಹೇಳಿಯಾಯಿತು, ನಂಬದಿದ್ದರೆ ನಾನೇನು ಮಾಡಲಿ ಎಂಬ ಹಗುರವೂ ಅದರೊಳಗೆ ಇತ್ತು, ಆ ಹಗುರ ಬಹಳ ಹಿತವಾಗಿತ್ತು. ಕೀಲಿಕೈ ಎತ್ತಿ ಅವಳ ಅಂಗೈಯಲ್ಲಿ ಇಟ್ಟರು. ಅವಳು ಬಗ್ಗಿ ಕಾಲಿಗೆ ನಮಸ್ಕಾರ ಮಾಡಿ ಹೋದಳು. ಕಾರು ಆ ದಿನ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ದರಿದ್ರದ್ದು.

“ಹೇಳಿದೆ ಕಣೇ. ಅವಳೇ ನಂಬ್ಲಿಲ್ಲ,” ಎಂದರು ಮೇಷ್ಟ್ರು ಒಳಗೆ ಬಂದು.

“ಕೇಳಿಸ್ಕೊಂಡೆ. ಹೊಗಳೋಕೆ ನಾಲ್ಕು ದಿನ ತಗೊಂಡ್ರಿ. ನಿಜ ಹೇಳೋಕೆ ನಾಲ್ಕು ನಿಮಿಷಾನೂ ತಗೊಳ್ಲಿಲ್ಲ,” ಎಂದು ಹೆಂಡತಿ ಇಸ್ತ್ರಿಪೆಟ್ಟಿಗೆ ಕೈಗೆತ್ತಿಕೊಂಡಳು.

ಆಮೇಲೆ ಮೇಷ್ಟ್ರಿಗೆ ಒಂದು ಹೊಸ ಚಟ ಅಂಟಿತು. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ‘ಮಾಲೀಕರ ಮಾತು’ ಪುಟ ತೆರೆದು ನೋಡುವುದು. ತಿಂಗಳು ಕಳೆಯಿತು, ಎರಡು ಕಳೆಯಿತು. ಹುಡುಗಿ ಏನೂ ಬರೆದಿರಲಿಲ್ಲ. ಮಾರಲು ಹೊರಟವರು ಮಾತ್ರ ಬರೆಯುವ ಪುಟ ಅದು, ಅಭಿಪ್ರಾಯ ಇಲ್ಲವೆಂದರೆ ಕಾರು ಓಡುತ್ತಿದೆ ಎಂದೇ ಅರ್ಥ. ಮೂರನೆಯ ತಿಂಗಳ ಹೊತ್ತಿಗೆ, ಕಾರಿನಲ್ಲಿ ದೋಷವಿರಲಿಲ್ಲವೇನೋ, ತಮಗೇ ಓಡಿಸಲು ಬರುತ್ತಿರಲಿಲ್ಲವೇನೋ ಎಂದು ಸ್ಟಾಫ್ ರೂಮಿನಲ್ಲಿ ಹೇಳುವಷ್ಟು ಅವರು ಚೇತರಿಸಿಕೊಂಡರು.

ಐದನೆಯ ತಿಂಗಳು ನಲವತ್ತಮೂರನೆಯ ಅಭಿಪ್ರಾಯ ಬಂತು.

‘ನನಗೆ ಪಾಠ ಹೇಳಿದ ಮೇಷ್ಟ್ರ ಮಾತು ನಂಬಿ ಈ ಕಾರು ಕೊಂಡೆ. ಇದರಿಂದ ಕಲಿತಷ್ಟನ್ನು ನಾನು ಶಾಲೆಯಲ್ಲೂ ಕಲಿತಿರಲಿಲ್ಲ. ಇದರಲ್ಲಿ ಒಮ್ಮೆ ಪ್ರಯಾಣ ಮಾಡಿದ ಗಿರಾಕಿಗಳು ನನ್ನನ್ನು ಇಂದಿಗೂ ನೆನೆಸಿಕೊಳ್ಳುತ್ತಾರೆ.’

ಮೇಷ್ಟ್ರು ಎರಡು ಸಲ ಓದಿದರು. ಉತ್ತರ ಪತ್ರಿಕೆ ನೋಡುವ ಅಭ್ಯಾಸದಿಂದ ಒಂದೊಂದೇ ವಾಕ್ಯ ಹಿಡಿದು ನೋಡಿದರು. ಎಲ್ಲೂ ಒಂದು ತಪ್ಪಿಲ್ಲ, ಒಂದು ಸುಳ್ಳಿಲ್ಲ. ಕಾಫಿ ಲೋಟ ಕೆಳಗಿಟ್ಟರು.

“ಏನ್ರೀ, ಆ ಹುಡುಗೀದಾ?” ಬಸ್ಸಿಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. “ಎಷ್ಟು ನಕ್ಷತ್ರ ಕೊಟ್ಟಿದ್ದಾಳೆ?”

“ಐದು,” ಎಂದರು ಮೇಷ್ಟ್ರು.

“ಅಯ್ಯೋ ಪಾಪ,” ಎಂದಳು ಹೆಂಡತಿ.